ನಂದುವಿನ ದವಡೆ ಹಲ್ಲಿನ ವಿಷಯ

ಗುಬ್ಬಿ
ಅಕ್ಟೋಬರ್ ೯, ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬಲಮಂಡಿಯ ನೋವು ಕಡಿಮೆಯಾಯಿತೇ, ಇಲ್ಲ ಪ್ರಮೀಳನ ಮನೆಯ ಮೆಟ್ಟಿಲು ಹತ್ತಿ ಇಳಿದು ಇನ್ನಷ್ಟು ಜಾಸ್ತಿ ಮಾಡಿಕೊಂಡಿದ್ದೀಯಾ? ಬಿ.ಪಿ. ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀಯೋ, ಮಗಳ ಮನೆಯಲ್ಲಿ ಕೇಳುವವರಿಲ್ಲವೆಂದು ಬಿಟ್ಟೇಬಿಟ್ಟಿದ್ದೀಯೋ? ಮೋಹನ್‌ಕುಮಾರ್ ಭಾವ ಸಂಜೆ ನಿನ್ನನ್ನು ಕೆರೆ ಏರಿಯ ಮೇಲೆ ವಾಕಿಂಗ್ ಕರೆದುಕೊಂಡು ಹೋಗುತ್ತಾರಂತೆ. ಒಳ್ಳೆಯದೇ. ಆದರೆ ಕುಣಿಗಲ್ ಕೆರೆಯ ಗಾಳಿ ತಣ್ಣಗಿರುತ್ತದೆ, ಕಿವಿ ಮುಚ್ಚುವ ಹಾಗೆ ಸೆರಗು ಹೊದ್ದುಕೊಂಡು ಹೋಗು.

ಫೋನು ಇಟ್ಟುಕೊಂಡು ಇವನ್ಯಾಕೆ ಕಾಗದ ಬರೆಯುತ್ತಿದ್ದಾನೆ ಎಂದುಕೊಳ್ಳಬೇಡ. ಫೋನಿನಲ್ಲಿ ನೀನು ಮಾತಾಡುವುದೆಲ್ಲಿ? "ಹ್ಞೂಂ ಕಣಪ್ಪ, ಚೆನ್ನಾಗಿದೀನಿ, ಮಡಗ್ತೀನಿ" ಎನ್ನುತ್ತೀಯ, ಅಷ್ಟೇ. ನಾನು ಬಾಯಿ ತೆರೆಯುವಷ್ಟರಲ್ಲಿ ಟುಂಯ್ ಎಂದು ಕಟ್ಟಾಗಿರುತ್ತದೆ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲವಲ್ಲ. ನೀನೇ ಓದು. ಪ್ರಮೀಳನ ಕೈಗೆ ಕೊಟ್ಟರೆ ಅವಳು ಅರ್ಧ ಓದಿ ಅಳುತ್ತಾಳೆ, ಉಳಿದರ್ಧವನ್ನು ತನಗೆ ಬೇಕಾದ ಹಾಗೆ ಹೇಳುತ್ತಾಳೆ. (ಪ್ರಮೀ, ನೀನು ಕದ್ದು ಓದುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡ.)

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ನಂದು ಈಗ ಚೆನ್ನಾಗಿದ್ದಾಳೆ. ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ನಾನು ನಾಲ್ಕು ಸಾಲು ಬರೆಯುವುದು, ಎದ್ದು ಹೋಗಿ ಅವಳ ಕೆನ್ನೆ ಮುಟ್ಟಿ ನೋಡುವುದು, ಮತ್ತೆ ಬಂದು ಕೂರುವುದು, ಹೀಗೇ ಮಾಡುತ್ತಿದ್ದೇನೆ. "ಮಲಗಿರೋ ಮಗೂನ ಯಾಕ್ರೀ ಎಬ್ಬಿಸ್ತೀರ?" ಎಂದು ರೂಪಶ್ರೀ ಬೈದಳು. ಆಮೇಲೆ ನನಗೆ ಕಾಣದ ಹಾಗೆ ತಾನೇ ಹೋಗಿ ಮುಟ್ಟಿ ಬಂದಳು. ಎಲ್ಲಾ ಸರಿಹೋಗಿದೆ ಎಂದು ಡಾಕ್ಟರು ಹೇಳಿದ ಮೇಲೂ ನಮ್ಮಿಬ್ಬರಿಗೂ ಒಂದು ಕಡೆ ಕುಳಿತುಕೊಳ್ಳಲು ಆಗುತ್ತಿಲ್ಲ.

ವಿಜಯದಶಮಿಯ ದಿನ ಪ್ರಮೀಳಾ ಫೋನು ಮಾಡಿದಾಗ "ನಂದೂಗೆ ಸ್ವಲ್ಪ ಜ್ವರ ಬಂದಿತ್ತು, ಈಗ ಪರವಾಗಿಲ್ಲ" ಎಂದಿದ್ದೆ. ಪೂರ್ತಿ ಸುಳ್ಳಲ್ಲ, ಆದರೆ ನಾನು ಆ ಮಾತು ಹೇಳಿದ್ದು ತುಮಕೂರಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು. ಒಳಗೆ ನಿನ್ನ ಮೊಮ್ಮಗಳಿಗೆ ಡ್ರಿಪ್ ಹಾಕಿದ್ದರು. ನೀನು ಸಿಟ್ಟಾಗುತ್ತೀಯ, ಗೊತ್ತು. ಆದರೆ ಹೇಳಿದ್ದರೆ ನೀನು ಆ ಮಂಡಿ ಇಟ್ಟುಕೊಂಡು ಸಿಕ್ಕಿದ ಬಸ್ಸು ಹತ್ತಿ ಬಂದುಬಿಡುತ್ತಿದ್ದೆ. ಇಲ್ಲವೇ, ಕರೆಯದೆ ಹೇಗೆ ಬರಲಿ ಎಂದು ಅಲ್ಲೇ ಕುಳಿತು ಒದ್ದಾಡುತ್ತಿದ್ದೆ. ಎರಡನ್ನೂ ನೆನೆಸಿಕೊಂಡು ಜ್ವರ ಎಂದಷ್ಟೇ ಹೇಳಿದೆ.

ನೀನು ಹೊರಟ ಹಿಂದಿನ ದಿನದಿಂದಲೇ ಶುರು ಮಾಡುತ್ತೇನೆ. ನಂದು ಎಷ್ಟೋ ದಿನಗಳಿಂದ ಎಡಗಡೆಯೇ ಅಗಿಯುತ್ತಿದ್ದದ್ದು ನಮಗೆಲ್ಲ ಗೊತ್ತಿತ್ತು. ನೀನು ಲವಂಗದ ಎಣ್ಣೆಯಲ್ಲಿ ಹತ್ತಿ ಅದ್ದಿ ಇಡುತ್ತಿದ್ದೆ. "ಹಾಲಲ್ಲು ಕಣೇ, ಹೆಂಗಿದ್ರೂ ಉದುರೋಗೋದು, ಅದಕ್ಯಾಕೆ ಡಾಕ್ಟ್ರು ಗೀಕ್ಟ್ರು" ಎನ್ನುತ್ತಿದ್ದೆ. ನಾನು ಪಂಚಾಯ್ತಿ ಆಫೀಸಿನ ಕೆಲಸದಲ್ಲಿ, ರೂಪಶ್ರೀ ಬೆಳಗಿನ ರೈಲು ಹಿಡಿದು ತುಮಕೂರಿನ ನರ್ಸರಿ ಸ್ಕೂಲಿಗೆ ಓಡುವ ಧಾವಂತದಲ್ಲಿ, ನೀನು ಹೇಳಿದ್ದು ನಮಗೂ ಅನುಕೂಲವಾಗಿಯೇ ಇತ್ತು. ದಸರಾ ರಜೆ ಬಂತು, ಬೊಂಬೆ ಕೂರಿಸಿದೆವು, ನೋಡಲು ಬಂದ ಮಕ್ಕಳಿಗೆಲ್ಲ ನೀನು ತಂಬಿಟ್ಟು, ಕೊಬ್ಬರಿ ಮಿಠಾಯಿ ಕೊಟ್ಟೆ. ನಂದು ಬಂದವರ ಜೊತೆಗೂ ತಿಂದಳು, ಅವರು ಹೋದ ಮೇಲೂ ತಿಂದಳು. ಆ ಸಂಜೆ ಹಾಸಿಗೆ ಕೊಡವುವಾಗ ರೂಪಶ್ರೀಗೆ ಮಗುವಿನ ದಿಂಬಿನ ಕೆಳಗೆ ಬೆಲ್ಲದ ಚೂರು ಸಿಕ್ಕಿತು, ಸುತ್ತ ಇರುವೆ ಮುತ್ತಿತ್ತು. "ಈ ಮನೇಲಿ ಮಗೂ ಹಲ್ಲು ಉಳೀಬೇಕು ಅಂದ್ರೆ ಒಂದೋ ಬೆಲ್ಲದ ಡಬ್ಬ ಅಟ್ಟ ಹತ್ಬೇಕು, ಇಲ್ಲಾ…" ಎಂದು ಅವಳು ಅಷ್ಟಕ್ಕೇ ನಿಲ್ಲಿಸಿದಳು. ನೀನು ಅಡುಗೆಮನೆಯಲ್ಲಿ ಪಾತ್ರೆ ಜೋಡಿಸುತ್ತಿದ್ದವಳು ಕೈ ನಿಲ್ಲಿಸಿದೆ. ಮರುದಿನ ಬೆಳಗ್ಗೆ ನಾನು ಆಯುಧಪೂಜೆಗೆಂದು ಸ್ಕೂಟರು ತೊಳೆಯುತ್ತಿದ್ದಾಗ ನೀನು ಬ್ಯಾಗು ಹಿಡಿದು ಹೊರಗೆ ಬಂದೆ. "ಪ್ರಮೀಳಾ ಹಬ್ಬಕ್ಕೆ ಕರೆದವ್ಳೆ, ಓಗ್ಬರ್ತೀನಿ ಕಣಪ್ಪ" ಎಂದೆ. ಅವಳು ಕರೆದಿರಲಿಲ್ಲ ಎಂದು ನನಗೂ ಗೊತ್ತು, ನಿನಗೂ ಗೊತ್ತು. ಕೈಯೆಲ್ಲ ಸೋಪಿನ ನೊರೆ ಮಾಡಿಕೊಂಡು ನಾನು ಬಸ್ ಸ್ಟ್ಯಾಂಡಿನವರೆಗೂ ನಿನ್ನ ಹಿಂದೆ ಬಂದೆ. ನೀನು ಕಿಟಕಿ ಪಕ್ಕ ಕುಳಿತು ಇನ್ನೊಂದು ಕಡೆಗೆ ನೋಡುತ್ತಿದ್ದೆ.

ಮನೆಗೆ ಬಂದಾಗ ನಂದು ಎದ್ದಿದ್ದಳು. ಅಮ್ಮಾ, ಆ ಮುಖ ನೀನು ನೋಡಲಿಲ್ಲವಲ್ಲ, ಅಷ್ಟರಮಟ್ಟಿಗೆ ದೇವರು ದೊಡ್ಡವನು. ಬಲಗಡೆಯ ದವಡೆ ಬಾತು ಕತ್ತಿನವರೆಗೂ ಒಂದೇ ಸಮ ಆಗಿತ್ತು. ಚರ್ಮ ಕೆಂಪಗೆ ಬಿಗಿದುಕೊಂಡು, ಮುಟ್ಟಿದರೆ ಬಿಸಿ. ಎಂಜಲು ನುಂಗಲಾರದೆ ಬಾಯಿಂದ ಸುರಿಯುತ್ತಿತ್ತು. ಅಳುವುದಕ್ಕೂ ಬಾಯಿ ತೆರೆಯಲಾಗದೆ ಮೂಗಿನಲ್ಲೇ ಅಳುತ್ತಿದ್ದಳು. ಮಾತು ಬರುತ್ತಿರಲಿಲ್ಲ, ನಿನ್ನ ಮಂಚದ ಕಡೆ ಕೈ ತೋರಿಸಿ ಕೇಳಿದಳು. ಅಜ್ಜಿ ಎಲ್ಲಿ ಎಂದು.

ಆಯುಧಪೂಜೆಯ ದಿನ ಊರಲ್ಲಿ ಯಾರು ಸಿಗುತ್ತಾರೆ ಹೇಳು. ಸ್ಕೂಟರಿಗೆ ಇನ್ನೂ ಹಾರ ಹಾಕಿರಲಿಲ್ಲ, ಹಾಗೇ ಹೊರಟೆವು. ನಮ್ಮ ಮಾಮೂಲಿ ಡಾಕ್ಟರು ಊರಲ್ಲಿಲ್ಲ. ಬೀದಿಯ ತುಂಬ ಲಾರಿ, ಟ್ರ್ಯಾಕ್ಟರು, ಆಟೋಗಳನ್ನು ತೊಳೆದು ಸಾಲಾಗಿ ನಿಲ್ಲಿಸಿದ್ದರು, ಎಲ್ಲಿ ನೋಡಿದರೂ ಒಡೆದ ಬೂದುಗುಂಬಳ. ರೂಪಶ್ರೀ ಹಿಂದೆ ಕುಳಿತು ಮಗುವನ್ನು ಎದೆಗೆ ಅವುಚಿಕೊಂಡು, "ಬೇಗ ಹೋಗ್ರೀ", "ನಿಧಾನ ಹೋಗ್ರೀ" ಎಂದು ಎರಡನ್ನೂ ಒಟ್ಟಿಗೇ ಹೇಳುತ್ತಿದ್ದಳು. ಹಲ್ಲಿನ ಡಾಕ್ಟರು ಅಂಜನ್‌ಕುಮಾರ್ ಅವರ ಕ್ಲಿನಿಕ್ಕಿನ ಬಾಗಿಲು ತೆರೆದಿದ್ದು ಕಂಡು ನನಗೆ ಜೀವ ಬಂದ ಹಾಗಾಯಿತು. ಒಳಗೆ ಹೋಗಿ ನೋಡಿದರೆ ಅಲ್ಲೂ ಪೂಜೆ. ಹಲ್ಲು ನೋಡುವ ಆ ದೊಡ್ಡ ಕುರ್ಚಿಗೆ ಎರಡೂ ಕಡೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿದ್ದರು. ಮೇಲಿನ ಲೈಟಿಗೆ ಕುಂಕುಮ. ತಟ್ಟೆಯಲ್ಲಿ ಇಕ್ಕಳ, ಕನ್ನಡಿ, ಕೊಕ್ಕೆಗಳನ್ನೆಲ್ಲ ಸಾಲಾಗಿ ಇಟ್ಟು ಒಂದೊಂದಕ್ಕೂ ವಿಭೂತಿ ಹಚ್ಚಿದ್ದರು. ಡಾಕ್ಟರು ಪಂಚೆ ಉಟ್ಟು ಗಂಟೆ ಹಿಡಿದು ನಿಂತಿದ್ದರು, ಅವರ ತಾಯಿ ರಂಗಲಕ್ಷ್ಮಮ್ಮನವರು ಆರತಿ ತಟ್ಟೆ ಹಿಡಿದಿದ್ದರು.

ಡಾಕ್ಟರು ಮಗುವಿನ ಮುಖ ನೋಡಿದರು, ಆಮೇಲೆ ಕುರ್ಚಿ ನೋಡಿದರು, ಆಮೇಲೆ ತಾಯಿಯ ಮುಖ ನೋಡಿದರು. ಪೂಜೆಗಿಟ್ಟ ಆಯುಧವನ್ನು ಆವತ್ತು ಮುಟ್ಟಬಾರದು ಎಂಬುದು ನಮ್ಮ ಕಡೆ ಹೇಗೋ ಅವರ ಮನೆಯಲ್ಲೂ ಹಾಗೇ ತಾನೆ. ನನಗೆ ಆ ಒಂದು ಗಳಿಗೆ ಎಷ್ಟು ಉದ್ದವಾಯಿತೆಂದರೆ, ಕಾಲಿಗೆ ಬೀಳೋಣವೋ, ಮಗುವನ್ನು ಎತ್ತಿಕೊಂಡು ಬೇರೆ ಕಡೆ ಓಡೋಣವೋ ತಿಳಿಯಲಿಲ್ಲ. ರಂಗಲಕ್ಷ್ಮಮ್ಮನವರೇ ಆರತಿ ತಟ್ಟೆ ಕೆಳಗಿಟ್ಟರು. "ಹೂವ ತೆಗಿಯಪ್ಪ ಮೊದ್ಲು. ಮಗು ಎಂಜ್ಲು ನುಂಗಕ್ಕೆ ಆಗ್ದೆ ಒದ್ದಾಡ್ತೈತೆ, ಇನ್ಯಾವ ಪೂಜೆ. ದೇವ್ರು ಏನೂ ಅಂದ್ಕೊಳಕಿಲ್ಲ ಬುಡು" ಎಂದು ತಾವೇ ಹಾರ ಕಿತ್ತು, ಬಾಳೆಕಂದು ಪಕ್ಕಕ್ಕೆ ಸರಿಸಿ, ಸೆರಗಿನಿಂದ ಕುರ್ಚಿ ಒರೆಸಿದರು. ಡಾಕ್ಟರು ತಟ್ಟೆಯ ಸಾಮಾನು ಮುಟ್ಟಲಿಲ್ಲ. ಬೀರುವಿನಿಂದ ಸೀಲು ಹಾಕಿದ ಬೇರೆ ಪ್ಯಾಕೆಟ್ಟು ತೆಗೆದು ಬಿಚ್ಚಿದರು. ಪಂಚೆಯ ಮೇಲೇ ಬಿಳಿ ಕೋಟು ಹಾಕಿಕೊಂಡರು.

ಆದರೆ ನಂದು ಬಾಯಿ ತೆರೆಯಬೇಕಲ್ಲ. ನೋವಿಗೆ ದವಡೆ ಹಿಡಿದುಕೊಂಡಿತ್ತು, ಭಯಕ್ಕೆ ಇನ್ನಷ್ಟು ಕಚ್ಚಿಕೊಂಡಳು. ಡಾಕ್ಟರು ಮುದ್ದು ಮಾಡಿದರು, ನಾನು ಬೇಡಿಕೊಂಡೆ, ಒಂದು ಸಲ ಗದರಿಬಿಟ್ಟೆ. "ಈಗಲೇ ಒಂದು ದಾರಿ ಮಾಡಿ ಕೀವು ಬಿಡದೆ ಇದ್ರೆ ಕಷ್ಟ ಸರ್, ನಾಲಿಗೆ ಕೆಳಗೆ ಊತ ಇಳಿದ್ರೆ ಉಸಿರಾಟಕ್ಕೆ ತೊಂದರೆ ಆಗುತ್ತೆ" ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಆಗ ರೂಪಶ್ರೀ ತಾನೇ ಆ ಕುರ್ಚಿ ಹತ್ತಿ ಕುಳಿತು ಮಗುವನ್ನು ಮಡಿಲಿಗೆ ಎಳೆದುಕೊಂಡಳು. ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡು ಕಿವಿಯ ಹತ್ತಿರ ಬಾಯಿಟ್ಟು, "ಎಲ್ಲವ್ವಾ ನನ್ ಗುಬ್ಬಚ್ಚಿ? ಹಲ್ಲಿನ ಸಂದೀಲಿ ಅವಿತ್ಕೊಂಡೈತಾ? ವಸಿ ಕದ ತೆಗಿಯವ್ವಾ, ಅಜ್ಜಿ ನೋಡ್ತಾಳೆ" ಎಂದಳು.

ಅಮ್ಮಾ, ಅದು ನಿನ್ನ ದನಿ. ನೀನು ಊಟ ಮಾಡಿಸುವಾಗ ಎಳೆಯುತ್ತೀಯಲ್ಲ, "ಗುಬ್ಬಚ್ಚೀ" ಎಂದು, ಅದೇ ರಾಗ, ಅದೇ ಕೊನೆಯ ಒತ್ತು. ತುಮಕೂರಿನಲ್ಲಿ ಹುಟ್ಟಿ ಬೆಳೆದವಳು, ನೀನು ಸ್ವಲ್ಪಕ್ಕೆ 'ವಸಿ' ಎಂದರೆ ನಗುತ್ತಿದ್ದವಳು. ಇಷ್ಟು ವರ್ಷ ಕೋಣೆಯ ಒಳಗಿನಿಂದ ಅವಳು ನಿನ್ನನ್ನು ಇಷ್ಟು ಚೆನ್ನಾಗಿ ಕೇಳಿಸಿಕೊಂಡಿದ್ದಾಳೆಂದು ನನಗೇ ಗೊತ್ತಿರಲಿಲ್ಲ. ನಂದು ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದಳು. ಸ್ವಲ್ಪ, ಎರಡು ಬೆರಳು ಹೋಗುವಷ್ಟು. ಡಾಕ್ಟರು ಆ ಕೊಳೆತ ದವಡೆ ಹಲ್ಲನ್ನು ಮೇಲಿಂದ ಕೊರೆದು ದಾರಿ ಮಾಡಿದರು. ಬಂದ ಕೀವು, ಆ ವಾಸನೆ ನಾನು ಬರೆಯುವುದಿಲ್ಲ. ರೂಪಶ್ರೀ ಮಾತ್ರ ಗುಬ್ಬಚ್ಚಿಯ ಕಥೆ ನಿಲ್ಲಿಸಲಿಲ್ಲ. ಅದು ಗೂಡು ಕಟ್ಟಿತು, ಅದಕ್ಕೆ ರಾಗಿ ತೆನೆ ಸಿಕ್ಕಿತು, ಎಲ್ಲಾ ನಿನ್ನ ಮಾತಿನಲ್ಲೇ ಹೇಳಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದನಿ ಮಾತ್ರ ಅಲುಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. "ಇಲ್ಲಿಗೆ ಸಾಕಾಗಲ್ಲ, ತುಮಕೂರಿಗೆ ಅಡ್ಮಿಟ್ ಮಾಡ್ಲೇಬೇಕು. ಸ್ಕೂಟರಲ್ಲಿ ಬೇಡ" ಎಂದು ಡಾಕ್ಟರೇ ತಮ್ಮ ಕಾರು ತೆಗೆದರು. ಆಗ ತಾನೇ ಪೂಜೆ ಮಾಡಿದ ಕಾರು. ಮುಂದೆ ಕಟ್ಟಿದ್ದ ಬಾಳೆಕಂದು ದಾರಿಯುದ್ದಕ್ಕೂ ಪಟಪಟ ಬಡಿದುಕೊಂಡಿತು, ಹೆಗ್ಗೆರೆ ಹತ್ತಿರ ಒಂದು ಕಿತ್ತುಕೊಂಡೇ ಹೋಯಿತು. ತುಮಕೂರಿನ ಒಳಗೆ ಟ್ರಾಫಿಕ್ಕು ಹೇಗಿತ್ತೆಂದರೆ ನಾನು ಇಳಿದು ಮುಂದೆ ಓಡಿ, "ಮಗು ಇದೆ, ಮಗು ಇದೆ" ಎಂದು ದಾರಿ ಬಿಡಿಸಿಕೊಂಡೆ. ಹಾರ ಹಾಕಿದ ಲಾರಿಗಳ ನಡುವೆ ಹುಚ್ಚನ ಹಾಗೆ ಓಡುತ್ತಿದ್ದ ನನ್ನನ್ನು ಜನ ಏನೆಂದುಕೊಂಡರೋ.

ಆಸ್ಪತ್ರೆಯಲ್ಲಿ ಕೂಡಲೇ ಡ್ರಿಪ್ ಹಾಕಿ ಔಷಧಿ ಬಿಟ್ಟರು. ಮೊದಲ ದಿನ ಊತ ಇಳಿಯಲೇ ಇಲ್ಲ. ನರ್ಸು ಬಂದು ಪೆನ್ನಿನಲ್ಲಿ ಊತದ ಅಂಚಿಗೆ ಗೆರೆ ಎಳೆದು ಹೋಗುತ್ತಿದ್ದರು, ನಾವಿಬ್ಬರೂ ಅದೇ ಗೆರೆಯನ್ನು ನೋಡುತ್ತ ಕುಳಿತಿದ್ದೆವು. ವಿಜಯದಶಮಿಯ ಸಂಜೆ ನಂದು ಒಂದು ಗುಟುಕು ನೀರು ನುಂಗಿದಳು. ಆಮೇಲೆ ಗೊಗ್ಗರು ದನಿಯಲ್ಲಿ "ಅಜ್ಜಿ ಬನ್ನಿ ಸೊಪ್ಪು ತಂದಿಲ್ವಾ?" ಎಂದಳು. ರೂಪಶ್ರೀ ಎದ್ದು ಹೊರಗೆ ಹೋದಳು, ತುಂಬ ಹೊತ್ತು ಬರಲಿಲ್ಲ.

ಅಲ್ಲಿ ಮಕ್ಕಳ ಹಲ್ಲು ನೋಡುವ ಲೇಡಿ ಡಾಕ್ಟರು ಒಬ್ಬರಿದ್ದಾರೆ, ಸಣ್ಣ ವಯಸ್ಸು, ತುಂಬ ತಾಳ್ಮೆ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಾಲು ಹಲ್ಲಿನ ಬೇರಿನ ಕೆಳಗೇ ದೊಡ್ಡ ಹಲ್ಲು ಮೊಗ್ಗಿನ ಹಾಗೆ ಕುಳಿತಿತ್ತು. ಉದುರುವ ಹಲ್ಲೆಂದು ಬಿಟ್ಟರೆ ಅದರ ಕೀವು ಈ ಮೊಗ್ಗಿಗೂ ತಗಲುತ್ತದಂತೆ. ಅಲ್ಲದೆ ದವಡೆ ಹಲ್ಲು ಹತ್ತು ಹನ್ನೊಂದು ವರ್ಷದವರೆಗೂ ಇರಬೇಕಾದದ್ದಂತೆ, ನಂದುವಿಗೆ ಇನ್ನೂ ಐದು. ಬೇರೆ ಹಲ್ಲುಗಳಲ್ಲೂ ಹುಳುಕಿದೆ. ಏನೇನು ತಿನ್ನುತ್ತಾಳೆ ಎಂದು ಕೇಳಿದರು. ರೂಪಶ್ರೀ ಹಬ್ಬದ ತಿಂಡಿಗಳನ್ನೆಲ್ಲ ಹೇಳಿದಳು, ದಿಂಬಿನ ಕೆಳಗಿನ ಬೆಲ್ಲವನ್ನೂ ಹೇಳಿದಳು. ಡಾಕ್ಟರು ತಲೆಯಾಡಿಸಿ, "ಮಲಗೋವಾಗ?" ಎಂದರು. ಮಲಗುವಾಗ ಬಾಟಲಿಯಲ್ಲಿ ಚಾಕೊಲೇಟ್ ಪುಡಿ ಕಲಸಿದ ಹಾಲು, ಕುಡಿಯುತ್ತ ಕುಡಿಯುತ್ತ ಹಾಗೇ ನಿದ್ದೆ. ಬೇಗ ಮಲಗಲಿ, ನಮಗೆ ಬೆಳಗ್ಗೆ ಬೇಗ ಏಳಬೇಕು ಎಂದು ನಾವೇ ಮಾಡಿದ ಅಭ್ಯಾಸ. ಅದೇ ಎಲ್ಲಕ್ಕಿಂತ ಹೆಚ್ಚು ಹಾಳು ಮಾಡಿದ್ದಂತೆ, ರಾತ್ರಿಯೆಲ್ಲ ಸಿಹಿ ಹಲ್ಲಿನ ಮೇಲೇ ಕುಳಿತಿರುತ್ತದಂತೆ. ರೂಪಶ್ರೀ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ಆ ಡಾಕ್ಟರು, "ಯಾರು ಕೊಟ್ರು ಅಂತ ಹಲ್ಲಿಗೆ ಗೊತ್ತಾಗಲ್ಲ ಮೇಡಮ್. ಮನೇಲಿ ಎಲ್ಲರೂ ಸೇರಿ ನಿಲ್ಲಿಸಿ, ಅಷ್ಟೇ" ಎಂದರು.

ಶನಿವಾರ ಮನೆಗೆ ಬಂದೆವು. ಬಾಟಲಿಗಳನ್ನು ರೂಪಶ್ರೀ ಅವತ್ತೇ ಎಸೆದಳು. ಈಗ ಬೆಳಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ ಹಲ್ಲುಜ್ಜುವ ಕಾರ್ಯಕ್ರಮ. ಮಗುವನ್ನು ಮುಂದೆ ನಿಲ್ಲಿಸಿಕೊಂಡು, ತಲೆಯನ್ನು ಹೊಟ್ಟೆಗೆ ಒರಗಿಸಿಕೊಂಡು ಅವಳೇ ಉಜ್ಜುತ್ತಾಳೆ. ನಂದುವಿಗೆ ಇದು ಎಷ್ಟು ತಲೆಗೆ ಹತ್ತಿದೆಯೆಂದರೆ ನನ್ನನ್ನೂ ಬಿಡುವುದಿಲ್ಲ. ನೆನ್ನೆ ಆಫೀಸಿನ ಕಿರಣ್‌ಕುಮಾರ್ ನೋಡಲು ಬಂದಾಗ, "ಅಂಕಲ್, ಆ ಅನ್ನಿ" ಎಂದು ಅವನ ಬಾಯಿ ತೆಗೆಸಿ, "ಅಯ್ಯೋ, ಪೂರ್ತಿ ಹೋಗೈತೆ" ಎಂದುಬಿಟ್ಟಳು. ಅವನು ಗುಟ್ಕಾ ಹಾಕುವವನು, ನಾಚಿ ಕಾಫಿ ಕುಡಿಯದೆ ಎದ್ದು ಹೋದ.

ನಗು ಬರುತ್ತದೆ, ಮರುಗಳಿಗೆ ನಂದುವಿನ ಹಲ್ಲು ನೆನಪಾಗುತ್ತದೆ. ಆ ಹಲ್ಲನ್ನು ಬರುವ ಬುಧವಾರ ತುಮಕೂರಿನಲ್ಲಿ ಕೀಳುತ್ತಾರೆ. ದೊಡ್ಡ ಹಲ್ಲು ಬರುವ ಜಾಗ ಮುಚ್ಚದ ಹಾಗೆ ಒಂದು ಸಣ್ಣ ಕಂಬಿ ಕೂರಿಸುತ್ತಾರಂತೆ. ಭಯವಿಲ್ಲ ಎನ್ನುತ್ತಾರೆ. ನನಗೆ ಆ ಪೆನ್ನಿನ ಗೆರೆ ಕಣ್ಣಿಗೆ ಕಟ್ಟಿದೆ, ಹೋಗುತ್ತಿಲ್ಲ. ಈಗಲೂ ಎದ್ದು ಹೋಗಿ ನೋಡಿ ಬಂದೆ. ಮಗ್ಗುಲು ಬದಲಿಸಿ ಮಲಗಿದ್ದಾಳೆ, ಬಾಯಿ ಸ್ವಲ್ಪ ತೆರೆದಿದೆ.

ರೂಪಶ್ರೀ ನಿನ್ನ ಬಗ್ಗೆ ಆಡಿದ್ದು ಒಂದೇ ಮಾತು, ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ. "ನಾನು ಮಾತು ಪೂರ್ತಿ ಮಾಡ್ಲಿಲ್ಲ, ಅತ್ತೆ ತಾವೇ ಪೂರ್ತಿ ಮಾಡ್ಕೊಂಡು ಹೊರಟೋದ್ರು" ಎಂದಳು. ಏನು ಹೇಳುವವಳಿದ್ದೆ ಎಂದು ಕೇಳಿದೆ. "ನಂಗೂ ಗೊತ್ತಿಲ್ಲ ಕಣ್ರೀ" ಎಂದು ಕಿಟಕಿಯ ಕಡೆಗೆ ತಿರುಗಿಕೊಂಡಳು. ನಾನು ಅವಳ ಪರವಾಗಿ ಬರೆಯುತ್ತಿಲ್ಲ, ನಿನ್ನ ಪರವಾಗಿಯೂ ಅವಳಿಗೆ ಏನೂ ಹೇಳಿಲ್ಲ. ಇಬ್ಬರ ನಡುವೆ ನಿಂತು ಮಾತಾಡಲು ಹೋದಾಗಲೆಲ್ಲ ನಾನು ಕೆಡಿಸಿದ್ದೇ ಹೆಚ್ಚು, ನಿನಗೆ ಗೊತ್ತಲ್ಲ. ಬಾ ಎಂದೂ ಬರೆಯುವುದಿಲ್ಲ. ಬರೆದರೆ ನೀನು "ಮಗ ಕರೆದ, ಅದಕ್ಕೆ ಬಂದೆ" ಎಂದು ಬರುತ್ತೀಯ, ಆಮೇಲೆ ಅಡುಗೆಮನೆಯಲ್ಲಿ ಮಾತಿಲ್ಲದೆ ಓಡಾಡುತ್ತೀಯ. ಅಂಥ ಬರುವಿಕೆ ನನಗೆ ಬೇಡ. ನಡೆದದ್ದು ನಿನಗೆ ಗೊತ್ತಿರಲಿ, ಬೇರೆಯವರ ಬಾಯಿಂದ ಅರ್ಧಂಬರ್ಧ ಕೇಳಬೇಡ ಎಂದಷ್ಟೇ ಇದನ್ನೆಲ್ಲ ಬರೆದೆ.

ಭಾವನಿಗೆ, ಪ್ರಮೀಳನಿಗೆ ನಾನು ಕೇಳಿದೆನೆಂದು ಹೇಳು. ಅವಳ ಮಕ್ಕಳ ಹಲ್ಲನ್ನೂ ಈ ರಜೆ ಮುಗಿಯುವುದರೊಳಗೆ ತೋರಿಸಲಿ, ನೋವು ಬರಲಿ ಎಂದು ಕಾಯುವುದು ಬೇಡ. ನಿನ್ನ ಪಾದ ಮುಟ್ಟಿದೆ ಎಂದುಕೋ. ತಲೆಯ ಮೇಲೆ ಕೈಯಿಡುವಾಗ ನನಗಿಂತ ಮೊದಲು ನಂದುವಿಗೆ ಇಡು.

ನಿನ್ನ
ಅನಂತರಾಜು

ತಾ.ಕ.: ಅಮ್ಮಾ, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೆಟ್ಟಗಿಲ್ಲ. ಇದನ್ನು ಪೋಸ್ಟಿಗೆ ಹಾಕಲು ಹೊರಟಿದ್ದೆ. ರೂಪಶ್ರೀ ಕವರು ಇಸಿದುಕೊಂಡು "ನಾನೇ ತಗೊಂಡೋಗಿ ಕೊಡ್ತೀನಿ" ಎಂದಳು. ಒಳಗೆ ಏನು ಬರೆದಿದ್ದೇನೆಂದು ಕೇಳಲೂ ಇಲ್ಲ. ನಂದು ಎದ್ದಿದ್ದಾಳೆ, ಅವಳನ್ನೂ ಕರೆದುಕೊಂಡು ಹೋಗಲು ರೂಪಶ್ರೀ ಫ್ರಾಕು ತೊಡಿಸುತ್ತಿದ್ದಾಳೆ, ಕುಣಿಗಲ್ ಬಸ್ಸಿಗೆ ಹೊತ್ತಾಗಿದೆ. ನೀನು ಓದಿ ಮುಗಿಸಿ ನೀನಾಗಿಯೇ ಕರೆಯುವವರೆಗೂ ಒಳಗೆ ಬರುವುದಿಲ್ಲವಂತೆ, ಪ್ರಮೀಳಾ ಎಷ್ಟು ಎಳೆದರೂ ಗೇಟಿನ ಹತ್ತಿರವೇ ನಿಂತಿರುತ್ತಾಳಂತೆ. ಹಟ ನಿನಗೊಬ್ಬಳಿಗೇ ಇದೆಯೇ? ಅಮ್ಮಾ, ನೀನು ಇದನ್ನು ಓದುತ್ತಿರುವ ಈಗ ಅವರಿಬ್ಬರೂ ಬಿಸಿಲಲ್ಲಿ ನಿಂತಿದ್ದಾರೆ. ಕನ್ನಡಕ ಆಮೇಲೆ ತೆಗೆದಿಡು, ಮೊದಲು ಎದ್ದು ಹೋಗಿ ರೂಪಶ್ರೀಯನ್ನು ಹೆಸರು ಹಿಡಿದು ಕರಿ.